ಮಾರ್ತವ್ವನ ಹನ್ನೆರಡು ಮನೆಗಳು

"ಹನ್ನೊಂದು," ಎಂದು ಸಬ್‌ಇನ್ಸ್‌ಪೆಕ್ಟರ್ ಅರುಣಕುಮಾರ ಕೊನೆಯ ಹಾಳೆಯನ್ನೂ ಮೇಜಿನ ಮೇಲೆ ಹರವಿದ. "ಹತ್ತೊಂಬತ್ತು ದಿನದಾಗ ಹನ್ನೊಂದು ಮನಿ. ಏನ್ರಿ ಇದು?"

"ಹನ್ನೊಂದಲ್ರಿ ಸಾಹೇಬ್ರ, ಹನ್ನೆರಡು," ಎಂದು ಎದುರಿಗೆ ಕುಳಿತಿದ್ದ ಖಂಡೆಪ್ಪ ವಿನಯದಿಂದಲೇ ತಿದ್ದಿದ. "ಮೊನ್ನಿ ರಾತ್ರೀದು ನಿಮ್ಮ ತನಕ ಇನ್ನಾ ಮುಟ್ಟಿಲ್ಲ ಕಾಣ್ತದ. ನಿನ್ನಿ ಮುಂಜಾನಿ ಎಂಟಕ್ಕೇ ಹಾಕೀನಿ."

ಕಲಬುರಗಿಯ ಆ ಕಚೇರಿಯಲ್ಲಿ ಹೊರದೇಶದವರ ಕಾಗದಪತ್ರಗಳನ್ನು ನೋಡಿಕೊಳ್ಳುವ ಕೆಲಸ ಅರುಣಕುಮಾರನದು. ವಿದೇಶಿಯೊಬ್ಬರು ಯಾರ ಮನೆಯಲ್ಲಿ ಒಂದು ರಾತ್ರಿ ತಂಗಿದರೂ ಇಪ್ಪತ್ತನಾಲ್ಕು ಗಂಟೆಗಳೊಳಗೆ ಆ ಮನೆಯವರು 'ಸಿ' ನಮೂನೆಯನ್ನು ತುಂಬಿ ಸರ್ಕಾರಕ್ಕೆ ತಿಳಿಸಬೇಕೆಂಬುದು ಕಟ್ಟುನಿಟ್ಟಾದ ನಿಯಮ. ಅದನ್ನು ಜನ ಮರೆಯುವುದನ್ನು ಅವನು ಎಷ್ಟೋ ಕಂಡಿದ್ದ, ಮುಚ್ಚಿಡುವುದನ್ನೂ ಕಂಡಿದ್ದ. ಆದರೆ ಒಂದು ಊರಿಗೆ ಊರೇ ಪಾಳಿಯ ಮೇಲೆ ನಿಯಮವನ್ನು ಪಾಲಿಸಿದ್ದನ್ನು ಅವನು ಕಂಡದ್ದು ಇದೇ ಮೊದಲು.

ಖಂಡೆಪ್ಪನ ಬಲಕ್ಕೆ ಅವನ ಅತ್ತಿಗೆ ಕಸ್ತೂರಿಬಾಯಿ ಸೆರಗು ಹೊದ್ದು ಬಿಗಿಯಾಗಿ ಕುಳಿತಿದ್ದಳು. ಎಡಕ್ಕಿದ್ದವಳು ಈ ಎಲ್ಲ ಹಾಳೆಗಳ ನಾಯಕಿ, ಹಂಗೇರಿ ದೇಶದ ಮಾರ್ತಾ. ಅರವತ್ತೊಂದರ ಪ್ರಾಯ, ಬೆಳ್ಳಗಿನ ಗಿಡ್ಡ ಕೂದಲು, ಮೈಮೇಲೆ ಇಳಕಲ್ ಸೀರೆ. ಅರುಣಕುಮಾರ ರಾತ್ರಿಯೇ ಜೋಡಿಸಿಟ್ಟುಕೊಂಡಿದ್ದ ಇಂಗ್ಲಿಷ್ ವಾಕ್ಯಗಳನ್ನು ಮನಸ್ಸಿನಲ್ಲಿ ಒಮ್ಮೆ ಓದಿಕೊಂಡು ಆಕೆಯ ಕಡೆ ತಿರುಗಿದ. ಮೊದಲನೆಯ ವಾಕ್ಯ ಮುಗಿಯುವ ಮುನ್ನವೇ ಮಾರ್ತಾ ಕೈಯೆತ್ತಿದಳು.

"ನಾ ತಪ್ಪಿಸ್ಕೊಂಡು ಅಡ್ಡಾಡಿಲ್ರಿ ಸಾಹೇಬ್ರ. ಉಣ್ಲಾಕ ಬಾ ಅಂದ್ರು, ಹೋದೆ. ಉಂಡಮ್ಯಾಲ ಇಲ್ಲೇ ಮಕ್ಕೋ ಮಾರ್ತವ್ವ ಅಂದ್ರು, ಮಕ್ಕೊಂಡೆ. ಒಲ್ಲೆ ಅಂದ್ರ ಸಿಟ್ಟಾಗ್ತಾರ್ರಿ, ಈ ಮಂದಿ ಭಾಳ ಕೆಟ್ಟ ಅವ."

ಅರುಣಕುಮಾರ ಲೇಖನಿಯನ್ನು ಕೆಳಗಿಟ್ಟು, ನೀರು ಕುಡಿದ.

ಮಾರ್ತಾ ಕಮಲಾಪುರಕ್ಕೆ ಬಂದದ್ದೇ ಈ ನಿಯಮದ ದೆಸೆಯಿಂದ. ತನ್ನ ಊರಿನ ನಾಟಕಶಾಲೆಯಲ್ಲಿ ಮೂವತ್ತು ವರ್ಷ ನಟನಟಿಯರ ಉಡುಪು ಹೊಲಿದು ನಿವೃತ್ತಳಾದ ಆಕೆ ಜುಲೈ ಐದರಂದು ಭಾರತಕ್ಕೆ ಬಂದಿಳಿದು, ಕೋಟೆ ನೋಡಲೆಂದು ಕಲಬುರಗಿಗೆ ಬಂದಿದ್ದಳು. ಮೂರು ಲಾಡ್ಜುಗಳಲ್ಲಿ ಕೋಣೆ ಕೇಳಿದಳು. ಪರದೇಶದ ಪಾಸ್‌ಪೋರ್ಟ್ ಕಂಡೊಡನೆ ಮೂರೂ ಕಡೆ ಕೋಣೆಗಳೆಲ್ಲ ತುಂಬಿಹೋದವು. ಗುಮಾಸ್ತರ ಬೆನ್ನ ಹಿಂದಿನ ಹಲಗೆಯಲ್ಲಿ ಬೀಗದ ಕೈಗಳು ಮಾತ್ರ ಸಾಲಾಗಿ ತೂಗಾಡುತ್ತಿದ್ದವು. ನಾಲ್ಕನೆಯವನು ತುಸು ದಯಾವಂತ. "ಅಮ್ಮಾ, ನಿಮಗ ರೂಮ್ ಕೊಟ್ಟರ ಆ ಫಾರಂ ತುಂಬಬೇಕು, ಫಾರಂ ತಪ್ಪಿದರ ಪೊಲೀಸರು ಬರ್ತಾರ. ಬೀದರಿಗೆ ಹೋಗ್ರಿ," ಎಂದು ಬಸ್ಸು ಹತ್ತಿಸಿದ. ಬೀದರದ ದಾರಿಯಲ್ಲಿ ಬಸ್ಸು ಕಮಲಾಪುರದಲ್ಲಿ ನಿಂತಾಗ, ಕೆಂಪು ಬಾಳೆಹಣ್ಣು ಕೊಳ್ಳಲೆಂದು ಇಳಿದ ಮಾರ್ತಾ, ಓಣಿಯೊಂದರ ಗೋಡೆಯ ಮೇಲೆ ಬಿಸಿಲಿಗೆ ಹರವಿದ್ದ ಕೌದಿಯನ್ನು ಕಂಡಳು. ಹಳೆಯ ಸೀರೆಗಳ ತುಂಡುಗಳನ್ನು ಪದರಪದರವಾಗಿ ಜೋಡಿಸಿ ಕೈಯಿಂದ ಹೊಲಿದ ಹೊದಿಕೆ. ಆಕೆ ಅದರ ಅಂಚನ್ನು ಮಗುಚಿ ಹೊಲಿಗೆ ಪರೀಕ್ಷಿಸುತ್ತಿದ್ದಾಗ ಬಸ್ಸು ಹೊರಟುಹೋಯಿತು. ಕೌದಿಯ ಒಡತಿ ಕಸ್ತೂರಿಬಾಯಿ, ಕಳ್ಳಿಯನ್ನು ಹಿಡಿದೆನೆಂದು ಹೊರಗೆ ಬಂದಳು. ಐದು ತಿಂಗಳಾಗುತ್ತ ಬಂದಿತ್ತು, ಓಣಿಯ ಮಾತನ್ನೂ ಕಲಿತುಬಿಟ್ಟಿದ್ದ ಮಾರ್ತಾ ಇನ್ನೂ ಹೊರಟಿರಲಿಲ್ಲ.

ಕಸ್ತೂರಿಬಾಯಿಯ ಮನೆಯಲ್ಲಿ ಮಗ, ಸೊಸೆ, ಮೂವರು ಮೊಮ್ಮಕ್ಕಳು, ಎಲ್ಲರೂ ಇದ್ದರು. ಎಲ್ಲರೂ ಅಂಗಡಿಯ ರಗ್ಗು ಹೊದ್ದು ಮಲಗುವವರೇ. ಒಂದು ಎಳೆ ದಾರ ಹೆಚ್ಚು ಬಿಗಿದದ್ದಕ್ಕಾಗಿ ಎರಡು ದಿನ ಮಾತು ಬಿಟ್ಟು ಜಗಳವಾಡಬಲ್ಲ ಸರಿಸಾಟಿ ಆಕೆಗೆ ಸಿಕ್ಕದ್ದು ನಲವತ್ತು ವರ್ಷಗಳಲ್ಲಿ ಇದೇ ಮೊದಲು. ಆ ಸುಖವನ್ನು ಆಕೆ ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ.

ನಿಯಮದ ಭಾರವನ್ನು ಹೊತ್ತವನು ಖಂಡೆಪ್ಪ. ತಹಶೀಲು ಕಚೇರಿಯಲ್ಲಿ ಮೂವತ್ತೈದು ವರ್ಷ ಗುಮಾಸ್ತನಾಗಿದ್ದ ಅವನಿಗೆ ನಿವೃತ್ತಿಯ ನಂತರ ತುಂಬಲು ಒಂದು ಅರ್ಜಿಯೂ ಇಲ್ಲದೆ ಕೈ ಜೋಮು ಹಿಡಿದಂತಾಗಿತ್ತು. ಮಾರ್ತಾ ಬಂದ ದಿನವೇ ಕಂಪ್ಯೂಟರ್ ಅಂಗಡಿಗೆ ಹೋಗಿ ಕಸ್ತೂರಿಬಾಯಿಯ ಮನೆಯ 'ಸಿ' ನಮೂನೆ ತುಂಬಿ ಬಂದ. ನವೆಂಬರಿನಲ್ಲಿ ಎದುರು ಮನೆಯ ಜುಬೇದಾಳ ಮಗಳು ಆಯೇಶಾಳ ನಿಶ್ಚಿತಾರ್ಥಕ್ಕೆ ಹೋದ ಮಾರ್ತಾ ಅಲ್ಲಿಯೇ ಮಲಗಿದಾಗ, ಅಲ್ಲಿಗೂ ಒಂದು ನಮೂನೆ ಬೇಕೆಂದು ಅವನು ಹಠ ಹಿಡಿದ. ಮರುದಿನ ಕಿರಾಣಿ ಅಂಗಡಿಯ ದೇವೀಂದ್ರಪ್ಪ ದಾರಿಯಲ್ಲಿ ಅವನನ್ನು ತಡೆದು, "ಯಾಕಪಾ ಖಂಡೆಪ್ಪ, ಅವರ ಮನಿಗಷ್ಟೇ ಸರಕಾರದ ಫಾರಂ ಏನು? ನಮ್ಮ ಮನ್ಯಾಗೇನು ಮಂಚ ಇಲ್ಲೇನು?" ಎಂದು ಕೇಳಿದ. ಅಂದಿನಿಂದ ಪಾಳಿ ಶುರುವಾಯಿತು. ನಮೂನೆಗೆ ಮಾರ್ತಾಳ ಭಾವಚಿತ್ರವಷ್ಟೇ ಸಾಕಾಗಿತ್ತು, ಆದರೆ ಪ್ರತಿ ಮನೆಯವರೂ ಆಕೆಯ ಸುತ್ತ ಮನೆಮಂದಿಯೆಲ್ಲ ನಿಂತು ತೆಗೆಸಿಕೊಂಡರು.

"ಈ ಫೋಟೋದಾಗ ಹದಿನೇಳು ಮಂದಿ ಇದ್ದಾರ್ರಿ," ಎಂದು ಅರುಣಕುಮಾರ ಒಂದು ಹಾಳೆಯನ್ನೆತ್ತಿ ಹಿಡಿದ. "ವಿದೇಶಿ ಯಾರಂತ ಹುಡುಕಲಾಕ ನನಗ ಹತ್ತು ಮಿನಿಟ್ ಹಿಡೀತು. ಇರ್ಲಿ, ಈಗ ಖರೇ ಮಾತು ಕೇಳ್ರಿ. ಬೆಂಗಳೂರಿನಿಂದ ಪತ್ರ ಬಂದದ. ಈ ಬಾಯಿ ದಿನಾ ಮನಿ ಬದಲಸ್ತಾಳ, ಯಾಕ ಅಂತ ಕೇಳ್ಯಾರ. ಟೂರಿಸ್ಟ್ ವೀಸಾದಾಗ ಒಂದು ವರ್ಷಕ್ಕ ನೂರಾ ಎಂಬತ್ತು ದಿನ. ಡಿಸೆಂಬರ್ ಮೂವತ್ತೊಂದನೇ ತಾರೀಖಿಗಿ ಅದು ಮುಗೀತದ, ಇವರು ಹೋಗೂದು ಹೋಗೂದೇ. ಆದರ ನಾ 'ಗೊತ್ತಾದ ವಿಳಾಸ ಇಲ್ಲ' ಅಂತ ಬರದೆನಂದ್ರ..."

"ಬರದ್ರ?" ಎಂದಳು ಕಸ್ತೂರಿಬಾಯಿ.

"ಮತ್ತ ವೀಸಾ ಸಿಗಂಗಿಲ್ಲವ್ವ."

"ಅಕಿ ಶಿವರಾತ್ರಿಗಿ ತಿರುಗಿ ಬರ್ತೀನಿ ಅಂದಾಳ."

"ಬರ್ಲಾಕ ಆಗಂಗಿಲ್ಲ. ರೂಲ್ಸ್ ನಾ ಮಾಡಿಲ್ರಿ. ನಾಳಿಗಿ ಕಮಲಾಪುರಕ್ಕ ಬಂದು ನೋಡ್ತೀನಿ. ಒಂದು ಮನಿ, ಒಬ್ಬ ಮಾಲಕ, ಒಂದು ವಿಳಾಸ. ಅಷ್ಟು ತೋರಸ್ರಿ, ಛಲೋ ರಿಪೋರ್ಟ್ ಬರೀತೀನಿ."

ಊರು ಮುಟ್ಟಿದ ಮೇಲೆ ಖಂಡೆಪ್ಪ ಹನ್ನೆರಡೂ ಮನೆಗಳಿಗೆ ತಾನೇ ಹೋಗಿ, ಸಾಹೇಬರು ಬಂದು ಕೇಳಿದರೆ ಮಾರ್ತವ್ವ ಕಸ್ತೂರಿಬಾಯಿಯ ಮನೆಯಲ್ಲಿ ಇರುತ್ತಾಳೆಂದು ಹೇಳಬೇಕು, ಬೇರೆ ಮಾತು ಬೇಡ ಎಂದು ತಾಕೀತು ಮಾಡಿದ. ಎಲ್ಲರೂ ತಲೆಯಾಡಿಸಿದರು.

ಮರುದಿನ ಹತ್ತು ಗಂಟೆಗೆ ಅರುಣಕುಮಾರ ಬಂದ. ಮೊದಲು ದೇವೀಂದ್ರಪ್ಪನ ಮನೆ.

"ಇಲ್ಲೇ ಇರ್ತಾಳ್ರಿ!" ಎಂದ ದೇವೀಂದ್ರಪ್ಪ ಎದೆಯುಬ್ಬಿಸಿ. "ನೋಡ್ರಿ, ಅಕಿ ಹಲ್ಲುಜ್ಜೂ ಬ್ರಶ್ಶು."

ಹಿಂದೆ ನಿಂತಿದ್ದ ಖಂಡೆಪ್ಪ ಬೇಡ ಬೇಡವೆಂದು ಕೈಯಾಡಿಸಿದ. ಎರಡನೆಯದು ಅಂಗನವಾಡಿಯ ಅಂಜನಾಳ ಮನೆ. ಆಕೆ ಒಳಗಿನಿಂದ ಹೊಸ ಟವೆಲೊಂದನ್ನು ತಂದು, "ಇದು ಮಾರ್ತವ್ವಂದೇ ಸರ್, ನಮ್ಮಲ್ಲೇ ಇರ್ತಾರ," ಎಂದಳು. ಮೂರನೆಯ ಮನೆಯಲ್ಲಿ ಚಪ್ಪಲಿ ಇದ್ದವು, ನಾಲ್ಕನೆಯ ಮನೆಯಲ್ಲಿ ಆಕೆಯ ಕನ್ನಡಕದ ಡಬ್ಬಿ. ಐದನೆಯ ಮನೆಯ ಮುದುಕಿಯ ಬಳಿ ತೋರಿಸಲು ಏನೂ ಇರಲಿಲ್ಲ. ಆಕೆ ದೇವರ ಮೇಲೆ ಆಣೆ ಮಾಡಿದಳು. ಪ್ರತಿ ಮನೆಯಲ್ಲಿಯೂ ಚಹಾ, ಚಹಾದ ಜೊತೆಗೆ ಬಾಳೆಹಣ್ಣು. ಒಂದು ಮನೆಯಲ್ಲಿ ಕುಡಿದು ಇನ್ನೊಂದರಲ್ಲಿ ಬಿಟ್ಟರೆ ಮನಸ್ಸು ನೋಯುತ್ತದೆಂದು ಮಾರ್ತಾಳೇ ಅವನಿಗೆ ಪಿಸುಗುಟ್ಟಿದಳು. ಎಂಟನೆಯ ಮನೆ ಮುಗಿಯುವಷ್ಟರಲ್ಲಿ ಅರುಣಕುಮಾರ ಬೆಲ್ಟನ್ನು ಒಂದು ತೂತು ಸಡಿಲಿಸಿದ್ದ.

ಹನ್ನೆರಡನೆಯದು ಜುಬೇದಾಳ ಮನೆ. ಅಲ್ಲಿ ಖಂಡೆಪ್ಪನಿಗೆ ತಡೆಯಲಾಗಲಿಲ್ಲ.

"ನಿನ್ನಿ ಸಂಜಿಗಿ ಏನ್ ಹೇಳಿದ್ದೆ ನಿನಗ? ತಲಿ ಅಲ್ಲಾಡಿಸಿದ್ದಿಲ್ಲೇನು?"

"ಹೂಂ, ಅಲ್ಲಾಡಿಸ್ದೆ," ಎಂದಳು ಜುಬೇದಾ. "ಆಮ್ಯಾಲ ನಮಗ ಅಕಲ್ ಬಂತು. ಸರಕಾರಿ ಕಾಗದದ ಮ್ಯಾಲ ಮಾರ್ತವ್ವ ನಮ್ಮ ಮನ್ಯಾಗ ಇದ್ದಾಳ ಅಂತ ನಮ್ಮ ಕಡಿಂದ ಸಹಿ ಮಾಡಿಸ್ದವ್ರು ಯಾರು? ನೀವು. ಈಗ ಇಲ್ಲಂದ್ರ ನಾವು ಝೂಟಿ ಆಗಂಗಿಲ್ಲೇನು? ಜೇಲಿಗಿ ನೀವು ಬರ್ತೀರೇನ್ ಖಂಡೆಪ್ಪಣ್ಣ? ಓಣಿ ಮಂದಿ ಎಲ್ಲಾ ಕೂಡಿ ರಾತ್ರಿ ಇದೇ ಮಾತಾಡೀವಿ."

ಅರುಣಕುಮಾರನಿಗೆ ಈ ತರ್ಕದಲ್ಲಿ ಒಂದು ದೋಷವನ್ನೂ ಕಾಣಲಾಗಲಿಲ್ಲ. ಅಷ್ಟರಲ್ಲಿ ಜುಬೇದಾಳ ಗಂಡ, ಬಾಳೆಹಣ್ಣಿನ ವ್ಯಾಪಾರಿ ಲಾಲ್ ಅಹ್ಮದ್, ದಪ್ಪನೆಯ ಕಡತವೊಂದನ್ನು ಎದೆಗವಚಿಕೊಂಡು ಬಂದ. ಪೊಲೀಸರೆಂದರೆ ಹುಟ್ಟಾ ಹೆದರುವ ಮನುಷ್ಯ. ಕೇಳುವ ಮೊದಲೇ ಮನೆಯ ಹಕ್ಕುಪತ್ರ, ಕರೆಂಟಿನ ಬಿಲ್ಲು, ಆಧಾರ್ ಕಾರ್ಡು ಒಂದೊಂದಾಗಿ ತೆಗೆದಿಟ್ಟ. ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಕೆ. ಮಗಳ ನಿಶ್ಚಿತಾರ್ಥದ ಕಾರ್ಡಿಗೂ ಪ್ಲಾಸ್ಟಿಕ್ ಹೊದಿಕೆ.

ಕೊನೆಗೆ ಎಲ್ಲರೂ ಕಸ್ತೂರಿಬಾಯಿಯ ಕಟ್ಟೆಗೆ ಬಂದರು. ಹಿಂದೆ ಹನ್ನೆರಡು ಮನೆಗಳ ಮಂದಿಯೂ ಬಂದು ಓಣಿ ತುಂಬಿ ನಿಂತರು. ಅರುಣಕುಮಾರ ಉಸಿರೆಳೆದುಕೊಂಡು ಜುಲೈ ತಿಂಗಳ ಮೊದಲ ನಮೂನೆಯನ್ನು ಹೊರತೆಗೆದ.

"ನಾಲ್ಕು ತಿಂಗಳ ಮ್ಯಾಲೆ ಇದ್ದದ್ದು ಇದೇ ಮನಿ. ಇದನ್ನೇ ಬರಕೊಂಡು ಮುಗಿಸ್ತೀನಿ. ಮಾಲಕರು ಸೂಗಪ್ಪ ಅಂತ ಅದ. ಕರೀರಿ ಅವರನ್ನ, ಒಂದು ಸಹಿ ಬೇಕು."

ಖಂಡೆಪ್ಪ ಅತ್ತಿತ್ತ ನೋಡಿದ.

"ಅವರು... ನಮ್ಮ ತಂದೀರಿ, ಸಾಹೇಬ್ರ."

"ಆಗ್ಲಿ. ಒಳಗ ಇದ್ದಾರೇನು?"

"ತೀರ್ಕೊಂಡು ಇಪ್ಪತ್ತೆರಡು ವರ್ಷ ಆತ್ರಿ. ಮನಿ ಅವರ ಹೆಸರಿಗೇ ಉಳದದ. ವಾರಸಾ ಮಾಡಿಸಬೇಕು, ಮಾಡಿಸಬೇಕು ಅಂತ..."

"ನೀವು ಯಾವ ಆಫೀಸಿನಾಗ ಇದ್ರಿ ಅಂದ್ರಿ?"

"ವಾರಸಾ ಮಾಡೂ ತಹಶೀಲ್ ಆಫೀಸಿನಾಗೇ ಇದ್ದೆ ಸಾಹೇಬ್ರ," ಎಂದು ನೆಲ ನೋಡಿದ ಖಂಡೆಪ್ಪ. "ಮಂದೀದು ಮಾಡ್ತಾ ಮಾಡ್ತಾ ನಮ್ಮದು ಉಳೀತು."

ಯಾರೋ ಮೊದಲು ನಕ್ಕರು, ಆಮೇಲೆ ಓಣಿಯೇ ನಕ್ಕಿತು. ಅರುಣಕುಮಾರ ಮಾತ್ರ ನಗಲಿಲ್ಲ. "ಸತ್ತವರು ವಿದೇಶಿಗಿ ಮನ್ಯಾಗ ಜಾಗ ಕೊಟ್ಟಾರ ಅಂತ ಬೆಂಗಳೂರಿಗಿ ಬರೀಲಾಕ ನನ್ನ ಕೈಲೆ ಆಗಂಗಿಲ್ಲ," ಎಂದು ಹಾಳೆ ಮಡಿಚಿದ. ಬಳಿಕ ಏನೋ ಹೊಳೆದವನಂತೆ ಎದುರು ಮನೆಯ ಕಡೆ ನೋಡಿದ. "ಎಲ್ಲಾ ಮನಿ ನೋಡಿದೆ. ಪೂರ್ತಿ ಕಾಗದ ಇದ್ದದ್ದು ಲಾಲ್ ಅಹ್ಮದರದು ಒಂದೇ. ಮೊದಲು ಇಟ್ಟುಕೊಂಡವರು ನೀವು, ಕಸ್ತೂರಿಬಾಯಿ. ನಿಮ್ಮ ಹೇಳಿಕೆ ಬೇಕು. ಇವತ್ತಿನಿಂದ ಅಕಿ ಅಲ್ಲೇ ಇರಬೇಕು. ಅಲ್ಲೇ ಉಣಬೇಕು, ಅಲ್ಲೇ ಮಲಗಬೇಕು. ಮೂವತ್ತೊಂದರ ತನಕ ಒಂದು ರಾತ್ರಿನೂ ಬ್ಯಾರೆ ಕಡಿಗಿಲ್ಲ. ನೀವೂ ಕರೀಬಾರದು. ಹೂಂ ಅಂತೀರೇನು?"

ಐದು ತಿಂಗಳ ಕಾಲ ನೀರಿನ ನಲ್ಲಿಯ ಬಳಿಯಲ್ಲಿ, ಗಿರಣಿಯಲ್ಲಿ, ಮದುವೆಮನೆಗಳಲ್ಲಿ, "ನಮ್ಮ ಮನಿ ಫಾರಿನ್ನಾಕಿ" ಎನ್ನದೆ ಕಸ್ತೂರಿಬಾಯಿ ಮಾತು ಆರಂಭಿಸಿದ್ದೇ ಇರಲಿಲ್ಲ. ಆಕೆ ಮಾರ್ತಾಳನ್ನು ನೋಡಿದಳು. ಮಾರ್ತಾ ಸೂಜಿ ಚುಚ್ಚದಂತೆ ಬೆರಳಿಗೆ ತೊಟ್ಟಿದ್ದ ಲೋಹದ ಟೋಪಿಯನ್ನು ತಿರುಗಿಸುತ್ತ ನಿಂತಿದ್ದಳು.

"ಬರಕೋರಿ," ಎಂದಳು ಕಸ್ತೂರಿಬಾಯಿ. "ಅಕಿ ಜುಬೇದಾನ ಮನ್ಯಾಗ ಇರ್ತಾಳ."

"ಖುಷೀಲೆ ಹೇಳ್ಲಾಕತ್ತೀರಿ?"

"ಖುಷೀದು ಕಾಲಂ ಅದೇನು ನಿಮ್ಮ ಫಾರಂನಾಗ? ಬರಕೋ ಅಂದೀನಿ, ಬರಕೋರಿ."

ಅರುಣಕುಮಾರ ಬರೆದುಕೊಂಡ. ಲಾಲ್ ಅಹ್ಮದ್ ಸಹಿ ಹಾಕಿದ, ಕಸ್ತೂರಿಬಾಯಿ ಅದರ ಕೆಳಗೆ ತನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆದಳು. ಅರುಣಕುಮಾರ ಹದಿಮೂರನೆಯ ಲೋಟದ ಚಹಾವನ್ನು ನಿಂತೇ ಕುಡಿದು ಕಲಬುರಗಿಗೆ ಹೊರಟುಹೋದ.

ಮಧ್ಯಾಹ್ನ ಖಂಡೆಪ್ಪ ಮಾರ್ತಾಳ ಚೀಲವನ್ನು ಹೊತ್ತು ಓಣಿ ದಾಟಿಸಿದ. ಹದಿನೆಂಟು ಹೆಜ್ಜೆ. ಕಸ್ತೂರಿಬಾಯಿ ಒಳಗೆ ಪಾತ್ರೆಗಳನ್ನು ಸಪ್ಪಳ ಮಾಡುತ್ತ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಸೊಸೆ ಏನೋ ಕೇಳಿದ್ದಕ್ಕೆ ಗದರಿದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಆಕೆ ಹೊರಗೆ ಬಂದು ಎದುರು ಮನೆಯ ಬಾಗಿಲಲ್ಲಿ ನಿಂತಳು. ಮೂವತ್ತು ವರ್ಷಗಳಿಂದ ಈ ಬಾಗಿಲಿಂದ ಉಪ್ಪು ಕೇಳಿದ್ದುಂಟು, ಜಗಳ ತೆಗೆದದ್ದುಂಟು. ಒಳಗೆ ಹೋಗುವ ಪ್ರಸಂಗ ಮಾತ್ರ ಯಾಕೋ ಬಂದಿರಲಿಲ್ಲ.

"ಅಕ್ಕಾ, ಅಲ್ಲೇ ನಿಂತಿ ಯಾಕ?" ಎಂದಳು ಜುಬೇದಾ ಒಳಗಿನಿಂದ.

"ಅಕಿಗಿ ಸೂಜಿ ಹಿಡೀಲಾಕ ಈಗ ಈಗ ಬರ್ಲಾಕತ್ತದ. ನಾ ಇಲ್ಲಂದ್ರ ಎಲ್ಲಾ ಸೊಟ್ಟ ಹಾಕ್ತಾಳ."

"ನೀ ಹಾಕೂದೇ ಸೊಟ್ಟ," ಎಂದಳು ಮಾರ್ತಾ, ತಲೆಯೆತ್ತದೆ.

ಕಸ್ತೂರಿಬಾಯಿ ಒಳಗೆ ಕಾಲಿಟ್ಟಳು. ಅವಳ ಬೆನ್ನ ಹಿಂದೆಯೇ ಓಡಿಬಂದ ಖಂಡೆಪ್ಪ ಬಾಗಿಲಲ್ಲಿ ಇಣುಕಿ, "ವೈನಿ, ರಾತ್ರಿ ಇಲ್ಲೇ ಇರ್ತೀರೇನು?" ಎಂದು ಕಳವಳದಿಂದ ಕೇಳಿದ.

"ಯಾಕ, ನನಗೂ ಒಂದು ಫಾರಂ ತುಂಬತೀ ಏನು? ಹೋಗು, ಮೊದಲು ನಿಮ್ಮಪ್ಪಂದು ತುಂಬು."

ಬಾಳೆಯ ತೋಟದಿಂದ ಹಿಂದಿರುಗಿದ ಲಾಲ್ ಅಹ್ಮದ್ ಕಿಟಕಿಯಿಂದ ಒಳಗೆ ನೋಡಿದ. ತನ್ನ ಮಂಚದ ಮೇಲೆ ಮೂವರು ಹೆಂಗಸರು ಕೂತು, ಮೂವರೂ ಒಮ್ಮೆಗೇ ಮಾತಾಡುತ್ತಿದ್ದರು. ಅವನು ಬಾಗಿಲಿನವರೆಗೆ ಹೋದ, ಕೆಮ್ಮಿದ, ಯಾರೂ ತಿರುಗಲಿಲ್ಲ. ಮೆಲ್ಲನೆ ಹಿಂದೆ ಸರಿದು ಓಣಿ ದಾಟಿ, ಕಸ್ತೂರಿಬಾಯಿಯ ಕಟ್ಟೆಯ ಮೇಲೆ ಖಂಡೆಪ್ಪನ ಪಕ್ಕದಲ್ಲಿ ಕುಳಿತ. ಖಂಡೆಪ್ಪ ತುಸು ಸರಿದು ಜಾಗ ಕೊಟ್ಟ. ಇಬ್ಬರೂ ಬೆಳಕಿದ್ದ ಕಿಟಕಿಯನ್ನು ನೋಡುತ್ತ, ಯಾರಾದರೂ ಒಳಗಿನಿಂದ ಉಣಲು ಕರೆಯುವರೆಂದು ಕಾಯ್ದರು.