ಮುದುಕಿಯ ಜಾಗಕ್ಕೆ ಯಾರು

ಅಕ್ಕ ತಮ್ಮ ಒಂದೇ ಕಂಪನಿಯಲ್ಲಿ ಕೆಲಸ ಮಾಡಬಾರದು. ಮಾಡಿದರೂ ಒಂದೇ ಕಾರಿನ ಮೇಲೆ ಇಬ್ಬರೂ ಕಣ್ಣು ಹಾಕಬಾರದು. ಹಾಕಿದರೆ ಏನಾಗುತ್ತದೆ ಎಂದು ತಿಳಿಯಬೇಕಿದ್ದವರು ಆ ಕಾರು ಕಂಪನಿಯ ಮೂರನೆಯ ಮಹಡಿಗೆ ಹೋಗಿ ಐದು ನಿಮಿಷ ನಿಂತಿದ್ದರೆ ಸಾಕಿತ್ತು. ಗಾಜಿನ ಗೋಡೆಯ ಈಚೆ ಅಕ್ಕ, ಆಚೆ ತಮ್ಮ, ನಡುವೆ ಕುಡಿಯುವ ನೀರಿನ ಕ್ಯಾನು. ಇವಳು ಲೋಟ ಹಿಡಿದು ಎದ್ದರೆ ಅವನು ಕೂತುಬಿಡುತ್ತಿದ್ದ. ಅವನು ಎದ್ದರೆ ಇವಳಿಗೆ ಬಾಯಾರಿಕೆಯೇ ಹಾರಿಹೋಗುತ್ತಿತ್ತು. ಹಾವು ಮುಂಗುಸಿಯಾದರೂ ಎದುರಾದಾಗ ಮಾತ್ರ ಕಚ್ಚಾಡುತ್ತವೆ, ಇವರಿಬ್ಬರು ಇಮೇಲಿನಲ್ಲೂ ಕಚ್ಚಾಡುತ್ತಿದ್ದರು.

ಜಗಳಕ್ಕೆ ಕಾರಣ ಮುದುಕಿ. ಮುದುಕಿ ಎಂದರೆ ಹೆಂಗಸಲ್ಲ, ಕಾರು. ಹಿಂಬಾಗಿಲು ಗಾಜಿನ ಸಮೇತ ಮೇಲಕ್ಕೆ ತೆರೆಯುವ ಒಂದು ಪುಟ್ಟ ಹ್ಯಾಚ್‌ಬ್ಯಾಕ್. ಹತ್ತೊಂಬತ್ತು ವರ್ಷದಿಂದ ಅದೇ ಅಚ್ಚಿನಲ್ಲಿ ಇಳಿದು ಬರುತ್ತಿತ್ತು. ಮೊದಲ ಕಾರು ಕೊಳ್ಳುವ ಮೇಷ್ಟ್ರು, ನರ್ಸಮ್ಮ, ಹೊಸದಾಗಿ ಮದುವೆಯಾದವರು, ಡ್ರೈವಿಂಗ್ ಸ್ಕೂಲಿನವರು ಎಲ್ಲರೂ ಅದನ್ನೇ ಕೊಂಡವರು. ಈಗ ಕೊಳ್ಳುವವರು ಕಡಿಮೆಯಾಗಿದ್ದರು. ಸಾಲದ್ದಕ್ಕೆ, ಎರಡು ವರ್ಷದಲ್ಲಿ ಬರಲಿದ್ದ ಹೊಸ ಸುರಕ್ಷತಾ ನಿಯಮಕ್ಕೆ ಅದರ ಹಳೆಯ ಮೈಕಟ್ಟು ಒಗ್ಗುವ ಹಾಗಿರಲಿಲ್ಲ. ಹಾಗಾಗಿ ಮುದುಕಿ ಹೋಗುವುದು ಖಚಿತವಾಗಿತ್ತು. ಅವಳ ಜಾಗಕ್ಕೆ ಯಾರು ಎಂಬುದೊಂದೇ ಪ್ರಶ್ನೆ.

ಅಕ್ಕನನ್ನು ಕಾರ್ಖಾನೆಯವರೆಲ್ಲ ಸೀಟಕ್ಕ ಎಂದೇ ಕರೆಯುತ್ತಿದ್ದರು. ಮುದುಕಿಯ ಸೀಟು, ಬಾಗಿಲು ತೆರೆಯುವ ಕೋನ, ಕಾಲಿಡುವ ಜಾಗ ಎಲ್ಲ ಅವಳ ಕೈಯವೇ. ಮದುವೆಯಾಗಲಿಲ್ಲ, ಮಕ್ಕಳಿಲ್ಲ, ಇದ್ದದ್ದು ಅಮ್ಮ ಮತ್ತು ಈ ಕಾರು. ಆ ಕಾರಿನ ಬಗ್ಗೆ ಯಾರಾದರೂ ಒಂದು ಮಾತಾಡಿದರೆ ಅವಳ ಪಿತ್ತ ನೆತ್ತಿಗೇರುತ್ತಿತ್ತು. ಮುಂದಿನ ಕಾರೂ ಹಾಗೇ ಇರಬೇಕು, ನೆಲಕ್ಕೆ ಹತ್ತಿರ, ಗಿಡ್ಡ, ಗಲ್ಲಿಯಲ್ಲಿ ತಿರುಗಿಸಲು ಸಲೀಸು, ಚಾವಣಿ ಇನ್ನೂ ಒಂದಿಷ್ಟು ತಗ್ಗು, ಗಾಳಿಗೆ ತಡೆ ಕಡಿಮೆ, ಪೆಟ್ರೋಲೂ ಕಡಿಮೆ ಎಂಬುದು ಅವಳ ವಾದ. ಕೆಲಸದ ಕೊನೆಯ ವರ್ಷಗಳಲ್ಲಿ ಅದೊಂದನ್ನು ರಸ್ತೆಗೆ ಬಿಟ್ಟು ಮನೆಗೆ ಹೋಗಬೇಕು ಎಂಬುದು ಅವಳ ಆಸೆ. ಬೇರೆ ಆಸೆ ಇರಲಿಲ್ಲ.

ತಮ್ಮ ಯೋಜನಾ ವಿಭಾಗದ ಮುಖ್ಯಸ್ಥ. ಅವನಿಗೆ ಬೇಕಾಗಿದ್ದದ್ದು ಎತ್ತರದ ಗಾಡಿ.

“ಜನಕ್ಕೆ ಮೇಲೆ ಕೂತು ರಸ್ತೆ ನೋಡ್ಬೇಕು ಅಕ್ಕ. ನಿನ್ನ ಕಾರಲ್ಲಿ ಕೂತ್ರೆ ಮುಂದಿರೋ ಲಾರಿ ಟೈರು ಬಿಟ್ರೆ ಇನ್ನೇನೂ ಕಾಣಲ್ಲ,” ಎಂದು ಅವನು ಮೀಟಿಂಗಿನಲ್ಲಿ ಎಲ್ಲರೆದುರೇ ಹೇಳಿದ್ದ.

“ಹೌದಪ್ಪ. ನಿಂಗೆ ಚಿಕ್ಕಂದಿನಿಂದ್ಲೂ ಇನ್ನೊಬ್ಬರ ತಲೆ ಮೇಲೆ ಕೂತೇ ಅಭ್ಯಾಸ,” ಎಂದಿದ್ದಳು ಅವಳು.

“ನೀನು ಮಾಡಿದ್ದು ಅಂತ ಅದನ್ನ ಇನ್ನೂ ಹತ್ತೊಂಬತ್ತು ವರ್ಷ ಜನ ಸಹಿಸ್ಕೋಬೇಕಾ?”

“ನೀನು ಒಂದು ಸ್ಕ್ರೂ ತಿರುಗಿಸಿದ್ದೀಯೇನೋ ಜನ್ಮದಲ್ಲಿ? ಚಾರ್ಟು ಬರ್ಕೊಂಡು ಬಂದು ಬಿಟ್ಟ, ಜನರ ಬಗ್ಗೆ ಹೇಳೋಕೆ.”

ದೊಡ್ಡ ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡರು. ಅಕ್ಕ ತಮ್ಮನ ಜಗಳದಲ್ಲಿ ಮೂಗು ತೂರಿಸಿ ಒಮ್ಮೆ ಪೆಟ್ಟು ತಿಂದವರು ಅವರು. “ಕೂರುವ ದಿನ ಇದೆಯಲ್ಲ, ಅಲ್ಲೇ ತೀರ್ಮಾನ ಆಗ್ಲಿ,” ಎಂದು ಎದ್ದುಹೋದರು.

ಕೂರುವ ದಿನ ಆ ಕಂಪನಿಯ ಹಳೆಯ ಪದ್ಧತಿ. ಹೊಸ ಕಾರು ಯಾವುದು ಎಂದು ನಿರ್ಧಾರವಾಗುವ ಮೊದಲು ಬಡಗಿಗಳು ಎರಡೂ ಕಾರುಗಳನ್ನು ಪ್ಲೈವುಡ್ಡಿನಲ್ಲಿ ಕಟ್ಟಿ ನಿಲ್ಲಿಸುತ್ತಿದ್ದರು. ಗಾಲಿ ಇಲ್ಲ, ಎಂಜಿನ್ ಇಲ್ಲ, ಬಾಗಿಲು ಮತ್ತು ಸೀಟು ಮಾತ್ರ ನಿಜವಾದವು. ನೌಕರರ ಮನೆಗಳಿಂದ ಹನ್ನೆರಡು ಜನರನ್ನು ಕರೆಸಿ, ಒಬ್ಬೊಬ್ಬರನ್ನೇ ಎರಡರಲ್ಲೂ ಕೂರಿಸಿ ಇಳಿಸುತ್ತಿದ್ದರು. ಹೇಗಿದೆ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ಜನ ಮುಖ ನೋಡಿ ಚೆನ್ನಾಗಿದೆ ಅನ್ನುತ್ತಾರೆ. ಬದಲಿಗೆ ತಪಾಸಣಾ ವಿಭಾಗದ ಹೆಂಗಸೊಬ್ಬಳು ಸ್ಟೂಲಿನ ಮೇಲೆ ಕೂತು, ಅವರು ಇಳಿಯುವಾಗ ಕೈ ಎಷ್ಟು ಸಲ ಏನನ್ನಾದರೂ ಹಿಡಿಯಿತು ಎಂದು ಎಣಿಸುತ್ತಿದ್ದಳು. ಬಾಗಿಲು ಹಿಡಿದರೆ ಒಂದು, ಆಮೇಲೆ ಸೀಟಿನ ಅಂಚು ಒತ್ತಿದರೆ ಎರಡು, ಬಾಗಿಲ ಪಕ್ಕದ ಕಂಬವನ್ನೂ ಹಿಡಿದರೆ ಮೂರು. ಯಾವ ಕಾರಿಗೆ ಒಟ್ಟು ಎಣಿಕೆ ಕಡಿಮೆಯೋ ಅದು ಗೆದ್ದ ಹಾಗೆ. ನೆಲದ ಮೇಲೆ ಹಳದಿ ಗೆರೆ. ಕಾರು ಮಾಡಿದವರು ಪರೀಕ್ಷೆಯ ನಡುವೆ ಆ ಗೆರೆ ದಾಟಿ ಒಳಗೆ ಬಂದರೆ ಅವರ ಕಾರು ಅಲ್ಲಿಗೆ ಔಟು.

ಹನ್ನೆರಡರಲ್ಲಿ ಒಬ್ಬರಾದರೂ ಎಪ್ಪತ್ತೈದು ದಾಟಿದವರು ಇರಲೇಬೇಕಿತ್ತು. ಈ ಸಲ ಆ ವಯಸ್ಸಿನವರು ಸಿಕ್ಕಿದ್ದು ಒಬ್ಬರೇ, ಅದೂ ಇವರ ಅಮ್ಮ.

“ಅಮ್ಮ ನಿನ್ನ ಮನೇಲಿರೋದು. ನೀನು ಅವಳಿಗೆ ಹೇಳಿಕೊಡ್ತೀಯ,” ಎಂದ ತಮ್ಮ.

“ನಿನ್ನ ಥರ ಅಂದ್ಕೊಂಡ್ಯಾ? ಇಷ್ಟು ವರ್ಷದಲ್ಲಿ ಒಂದು ಸಲ ಆದ್ರೂ ಕಳ್ಳ ಲೆಕ್ಕ ಬರೆಸಿದ್ದೀನಾ ನಾನು?”

ಬರೆಸಿರಲಿಲ್ಲ, ನಿಜ. ಅದೇ ದಿನ ಸಂಜೆ ಮನೆಗೆ ಹೋಗಿ, ಕೈಕಾಲು ಕೂಡ ತೊಳೆಯದೆ, ಊಟದ ಮೇಜಿನ ಕುರ್ಚಿಯೊಂದನ್ನು ಎಳೆದು ಅಮ್ಮನ ಮುಂದೆ ಇಟ್ಟಳು. ಸಿಟ್ಟು ಒಳ್ಳೆಯವರ ಕೈಯಲ್ಲೂ ಏನೇನೋ ಮಾಡಿಸುತ್ತದೆ.

“ಅಮ್ಮ, ಈ ಬ್ಯಾಗನ್ನ ಎರಡೂ ಕೈಯಲ್ಲಿ ಹಿಡ್ಕೊ. ಹಾಗೇ ಕೂತ್ಕೊ. ಈಗ ಬ್ಯಾಗ್ ಬಿಡದೆ ಏಳು.”

“ಯಾಕೇ?”

“ಒಂದು ಪರೀಕ್ಷೆ ಇದೆ. ಏನಾದ್ರೂ ಆಗ್ಲಿ, ಬ್ಯಾಗ್ ಮಾತ್ರ ಬಿಡ್ಬೇಡ.”

ಅಮ್ಮ ಎದ್ದಳು. ಐದು ದಿನ, ದಿನಕ್ಕೆ ಹತ್ತು ಸಲ, ಬ್ಯಾಗನ್ನು ಮಗುವಿನ ಹಾಗೆ ಅವುಚಿಕೊಂಡು ಕೂತು ಎದ್ದಳು. ಕೊನೆಯ ದಿನ ನಗುತ್ತಲೇ ಎದ್ದಳು. ಸೀಟಕ್ಕ ಹಿಗ್ಗಿದಳು. ಮೂವತ್ತು ವರ್ಷ ಸೀಟಿನ ಎತ್ತರವನ್ನೇ ಅಳೆದ ಆ ಮಹರಾಯ್ತಿ ಊಟದ ಕುರ್ಚಿಯ ಎತ್ತರವನ್ನು ಮಾತ್ರ ಅಳೆಯಲಿಲ್ಲ. ಅದು ಅವಳ ಕಾರಿನ ಸೀಟಿಗಿಂತ ಒಂದು ಗೇಣು ಮೇಲಿತ್ತು.

ಕೂರುವ ದಿನ ಬಂತು. ಉದ್ದನೆಯ ಶೆಡ್ಡು, ಟ್ಯೂಬ್‌ಲೈಟುಗಳು, ಹೊಸ ಮರದ ಪುಡಿಯ ವಾಸನೆ. ಬೂದು ಬಣ್ಣ ಬಳಿದ ಎರಡು ಗಾಡಿಗಳು, ಒಂದು ಎತ್ತರ, ಒಂದು ತಗ್ಗು. ಗೆರೆಯ ಆಚೆ ಅಕ್ಕ ಒಂದು ತುದಿಗೆ, ತಮ್ಮ ಇನ್ನೊಂದು ತುದಿಗೆ. ದೊಡ್ಡ ಮ್ಯಾನೇಜರು ನಡುವೆ ನಿಂತು ಯಾರ ಮುಖವನ್ನೂ ನೋಡದೆ ಫೋನು ನೋಡುತ್ತಿದ್ದರು.

ಹನ್ನೊಂದು ಜನ ಕೂತು ಇಳಿದರು. ಅಕ್ಕನ ಕಾರಿಗೆ ಮೂವತ್ತೊಂದು, ತಮ್ಮನ ಕಾರಿಗೆ ಮೂವತ್ತಮೂರು. ಎಳೆಯರು ತಗ್ಗಿನ ಕಾರಿನಿಂದ ಚಂಗನೆ ನೆಗೆದಿದ್ದರು, ಎತ್ತರದ ಗಾಡಿಯಲ್ಲಿ ಮಕ್ಕಳು ಬಾಗಿಲು ಹಿಡಿದು ಜೋತಾಡಿದ್ದರು. ಸೀಟಕ್ಕನ ಮುಖ ಅರಳಿತ್ತು. ತಮ್ಮ ಉಗುರು ಕಚ್ಚುತ್ತಿದ್ದ.

ಕೊನೆಗೆ ಅಮ್ಮ. ಮೊದಲು ಮಗನ ಗಾಡಿಗೆ ಹೋದಳು. ಬ್ಯಾಗು ಎರಡೂ ಕೈಯಲ್ಲಿತ್ತು. ಹತ್ತುವಾಗ ತುಸು ತಡವರಿಸಿದಳು, ಆದರೆ ಇಳಿಯುವಾಗ ಕಾಲು ಚಾಚಿದೊಡನೆ ನೆಲ ಸಿಕ್ಕಿತು. ಬ್ಯಾಗಿನ ಜೊತೆಗೇ ಮೊಣಕೈ ಎರಡು ಸಲ ಬಾಗಿಲಿಗೆ ಆನಿಸಿದಳು, ನಿಂತಳು.

“ಎರಡು,” ಎಂದಳು ಎಣಿಸುವವಳು. ಒಟ್ಟು ಮೂವತ್ತೈದು.

ಅಮ್ಮ ಮೂರರೊಳಗೆ ಇಳಿದರೆ ಸೀಟಕ್ಕನ ಕಾರು ಗೆದ್ದ ಹಾಗೆ. ಬ್ಯಾಗ್ ಹಿಡಿದ ಅಮ್ಮ ಮೂರು ದಾಟುವುದಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು. ತಮ್ಮನ ಕಡೆ ತಿರುಗಿ ನೋಡಿದಳು. ಹೇಗಿದೆ ಈಗ, ಎಂಬ ನೋಟ.

ಅಮ್ಮ ತಗ್ಗಿನ ಕಾರಿನಲ್ಲಿ ಕೂತಳು. ಕೂತಳು ಅನ್ನುವುದಕ್ಕಿಂತ ಬಿದ್ದಳು ಅನ್ನಬೇಕು. ಕಾಲು ಹೊರಗಿಟ್ಟಳು. ಬ್ಯಾಗನ್ನು ಎದೆಗೊತ್ತಿಕೊಂಡು ಮುಂದಕ್ಕೆ ಬಾಗಿದಳು, ಏಳಲಾಗಲಿಲ್ಲ. ಮತ್ತೆ ಬಾಗಿದಳು. ಮೂರನೆಯ ಸಲ ಸೊಂಟ ಅರ್ಧ ಎದ್ದು ಧೊಪ್ಪನೆ ಹಿಂದಕ್ಕೆ ಕುಸಿಯಿತು, ತಲೆ ಸೀಟಿನ ಹಿಂಬದಿಗೆ ಬಡಿಯಿತು. ಎಣಿಸುವವಳ ಪೆನ್ನು ಕಾಗದದ ಮೇಲೆ ಸುಮ್ಮನೆ ನಿಂತಿತ್ತು. ಕೈ ಇನ್ನೂ ಏನನ್ನೂ ಹಿಡಿದಿರಲಿಲ್ಲ, ಲೆಕ್ಕ ಸೊನ್ನೆ.

“ಏನು ಹೇಳಿಕೊಟ್ಟಿದ್ದೀಯ ಅವಳಿಗೆ?” ತಮ್ಮ ಹಲ್ಲು ಕಚ್ಚಿ ಕೇಳಿದ.

“ಬಾಯಿ ಮುಚ್ಕೊಂಡು ನಿಂತ್ಕೊ.”

ಅಮ್ಮನ ತುಟಿ ಬಿಳಿಚಿತ್ತು. ಹಣೆ ಬೆವೆತಿತ್ತು. ಬ್ಯಾಗಿನ ಹಿಡಿ ಮಾತ್ರ ಬಿಟ್ಟಿರಲಿಲ್ಲ. ಅವಳು ಕಾರಿನೊಳಗಿಂದಲೇ ಮಗಳನ್ನು ಹುಡುಕಿ ನೋಡಿದಳು. ಮೆಲ್ಲಗೆ, ಅಪ್ಪಣೆ ಕೇಳುವ ದನಿಯಲ್ಲಿ ಕೇಳಿದಳು, “ಈಗ ಬ್ಯಾಗ್ ಬಿಡ್ಲೇನೇ?”

ಎಲ್ಲರ ತಲೆಯೂ ಸೀಟಕ್ಕನ ಕಡೆ ತಿರುಗಿತು. ಅವಳಿಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಆಗಲೂ ಒಂದು ಕ್ಷಣ, ನಿಜ ಹೇಳಬೇಕೆಂದರೆ ಒಂದಲ್ಲ ಎರಡು ಕ್ಷಣ, ಅಮ್ಮ ಇನ್ನೊಂದು ಸಲ ಪ್ರಯತ್ನಿಸಲಿ ಎಂದೇ ಕಾದಳು. ಅಮ್ಮ ಪ್ರಯತ್ನಿಸಿದಳು. ಮಂಡಿ ಗಡಗಡ ನಡುಗಿತು. ಸೀಟಕ್ಕ ಗೆರೆ ದಾಟಿ ಓಡಿದಳು, ಬ್ಯಾಗು ಕಿತ್ತು ಬಿಸಾಡಿದಳು, ಅಮ್ಮನ ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸಿದಳು.

ಎಣಿಸುವವಳು ದೊಡ್ಡ ಮ್ಯಾನೇಜರ ಮುಖ ನೋಡಿದಳು. ಅವರು ತಲೆಯಾಡಿಸಿದರು. ಅವಳು ಕಾಗದದಲ್ಲಿ ಸೀಟಕ್ಕನ ಕಾರಿನ ಅಂಕಣದ ಮೇಲೆ ಉದ್ದಕ್ಕೂ ಗೀಟು ಎಳೆದಳು.

“ಗೆಲ್ಲೋಕೆ ಹೆತ್ತ ತಾಯಿನೇ ಸಿಕ್ಕಳೇನೇ ನಿಂಗೆ?” ಎಂದ ತಮ್ಮ. ಅವನ ದನಿ ಏರಿರಲಿಲ್ಲ, ಅದಕ್ಕೇ ಇನ್ನಷ್ಟು ಚುಚ್ಚಿತು.

“ವರ್ಷಕ್ಕೆ ಎರಡು ಸಲ ಬಂದು ಸೋಫಾ ಮೇಲೆ ಕೂತು ಹೋಗೋನು ನೀನು. ಅವಳನ್ನ ಪ್ರತಿ ವಾರ ಆಸ್ಪತ್ರೆಗೆ ಕರ್ಕೊಂಡು ಹೋಗೋಳು ನಾನು. ನನ್ನ ಮುದುಕಿ ಕಾರಲ್ಲಿ, ಇದೇ ಎತ್ತರದ ಸೀಟಲ್ಲಿ. ಒಂದು ದಿನ ಆದ್ರೂ ಕಷ್ಟ ಪಟ್ಟಿದ್ದಾಳಾ ಕೇಳು.”

ತಮ್ಮ ಕೇಳಲಿಲ್ಲ. ಬಡಗಿ ತಂದುಕೊಟ್ಟ ಸ್ಟೂಲಿನ ಮೇಲೆ ಕೂತು ಅಮ್ಮ ತಾನಾಗಿಯೇ ಹೇಳಿದಳು.

“ಬಾಗಿಲು, ಬೆಲ್ಟು, ನಿನ್ನ ಸೀಟು, ಕೈಗೆ ಏನು ಸಿಗುತ್ತೋ ಎಲ್ಲಾ ಹಿಡ್ಕೊಂಡೇ ಏಳ್ತೀನಿ ಕಣೇ. ನೀನು ಗಾಡಿ ಆಫ್ ಮಾಡಿ, ಸುತ್ತಿ ಬಂದು ನನ್ನ ಬಾಗಿಲ ಹತ್ರ ನಿಲ್ಲೋ ಹೊತ್ತಿಗೆ ಎದ್ದು ನಿಂತಿರ್ತೀನಿ. ನಿಂಗೆ ಕಾಣಲ್ಲ.”

“ಯಾಕಮ್ಮ ಹೇಳ್ಲಿಲ್ಲ?”

“ಹೇಗೆ ಹೇಳ್ಲಿ? ಆ ಸೀಟಿನ ಬಗ್ಗೆ ಯಾರಾದ್ರೂ ಒಂದು ಮಾತಂದ್ರೆ ಎರಡು ದಿನ ಮುಖ ಗಂಟು ಹಾಕ್ಕೊಂಡಿರ್ತೀಯ. ನಿನ್ನ ಜೊತೆ ಇರೋಳು ನಾನು.”

ಇಡೀ ಜೀವನ ಊರವರ ಕೈಯ ಲೆಕ್ಕ ನೋಡಿ ಸೀಟು ಮಾಡಿದವಳು ಮನೆಯವಳ ಕೈಯನ್ನು ನೋಡಿರಲಿಲ್ಲ. ಸೀಟಕ್ಕನಿಗೆ ನಾಚಿಕೆಯಾಯಿತು, ಅಳು ಬಂತು, ಅಳು ಬಂದದ್ದಕ್ಕೆ ಸಿಟ್ಟು ಬಂತು. ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯದೆ ಬಡಗಿಯ ಮೇಲೆ ರೇಗಿದಳು.

“ಏನು ನೋಡ್ತಾ ನಿಂತಿದ್ದೀಯಣ್ಣ? ಸೀಟಿನ ಕೆಳಗೆ ಮೂರು ಇಂಚು ಹಲಗೆ ಹಾಕು.”

“ಪರೀಕ್ಷೆ ಮುಗೀತಮ್ಮ,” ಎಂದರು ದೊಡ್ಡ ಮ್ಯಾನೇಜರು.

“ನಿಮಗೆ ಮುಗೀತು ಸರ್. ನೀವು ಹೋಗಿ.”

ಅವರು ಹೋಗಲಿಲ್ಲ. ಕಾರ್ಖಾನೆ ಕಟ್ಟಿದಾಗಿನಿಂದ ಇದ್ದ ಬಡಗಿ ಬೋಲ್ಟು ಬಿಚ್ಚಿ, ಹಲಗೆ ತೂರಿಸಿ, ಸೀಟು ಬಿಗಿದ. ಅಮ್ಮ ಮತ್ತೆ ಕೂತಳು. ಈ ಸಲ ಹಿತವಾಗಿ ಕೂತಳು, ಆದರೆ ಕತ್ತು ಬಗ್ಗಿತು. ನೆತ್ತಿ ಚಾವಣಿಗೆ ತಾಗಿ ಕೂದಲು ಚಪ್ಪಟೆಯಾಯಿತು.

“ತಲೆ ತಗಲುತ್ತೆ ಕಣೇ.”

“ಚಾವಣಿ ಎತ್ತು,” ಎಂದಳು ಸೀಟಕ್ಕ.

ಬಡಗಿ ಹಣೆ ಒರೆಸಿಕೊಂಡ. “ಎತ್ತಬೋದು ಅಕ್ಕ. ಸೀಟು ಮೂರು ಇಂಚು, ಚಾವಣಿ ನಾಲ್ಕು. ಚಾವಣಿ ಎತ್ತಿದ್ರೆ ಬಾಗಿಲೂ ಎತ್ತರ ಆಗ್ಬೇಕು. ಆಮೇಲೆ…” ಪಕ್ಕದಲ್ಲಿ ನಿಂತಿದ್ದ ತಮ್ಮನ ಗಾಡಿಯ ಕಡೆ ಒಮ್ಮೆ ನೋಡಿದ. ಅಳತೆ ಟೇಪು ಹಿಡಿಯದೆಯೂ ಯಾರಿಗೆ ಬೇಕಾದರೂ ಗೊತ್ತಾಗುವಂತಿತ್ತು. ಅವಳು ಹೇಳಿದ್ದನ್ನೆಲ್ಲ ಮಾಡಿದರೆ ಆಗುವುದು ಅದೇ ಗಾಡಿ.

ತಮ್ಮ ನಗಲಿಲ್ಲ. ನಕ್ಕಿದ್ದರೆ ಅವಳು ಅವನ ಮುಖಕ್ಕೆ ಹೊಡೆದಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದಳು.

“ನಾನು ಹೇಳ್ತಾ ಇದ್ದದ್ದೂ ಅದನ್ನೇ,” ಎಂದ.

“ನೀನು ಹೇಳಿದ್ದು ರಸ್ತೆ ಕಾಣುತ್ತೆ ಅಂತ. ಅಮ್ಮನ ಮಂಡಿ ಬಗ್ಗೆ ನೀನೂ ಒಂದು ಮಾತು ಆಡ್ಲಿಲ್ಲ,” ಎಂದಳು.

ಅಮ್ಮ ಕತ್ತು ಬಗ್ಗಿಸಿಕೊಂಡೇ ಕೂತಿದ್ದಳು, ಇಬ್ಬರಲ್ಲಿ ಯಾರಾದರೂ ಬಂದು ಇಳಿಸುತ್ತಾರೆ ಎಂದು ಕಾಯುತ್ತ. ಸೀಟಕ್ಕ ಹೋಗಿ ಕೈ ಕೊಟ್ಟಳು. ಅಮ್ಮ ಅವಳ ಮಣಿಕಟ್ಟು, ಭುಜ, ಬಾಗಿಲು, ಮತ್ತೆ ಭುಜ ಹಿಡಿದು ಎದ್ದಳು. ಅವಳು ಪೂರ್ತಿ ನೆಟ್ಟಗೆ ನಿಲ್ಲುವವರೆಗೂ ಸೀಟಕ್ಕ ಅಲ್ಲಾಡಲಿಲ್ಲ.

ಆಮೇಲೆ ಬಡಗಿಯ ಕಡೆ ತಿರುಗಿದಳು.

“ಎತ್ತಣ್ಣ, ಚಾವಣಿ,” ಎಂದಳು.