ಗೇಟಿನ ನೀಲಿ ತುಂಡು

ಶಾಲೆಯ ಗೇಟಿನ ಎದುರಿಗೇ ಅಂಗಡಿ ಇಟ್ಟುಕೊಂಡ ತಪ್ಪಿಗೆ, ಟೈಲರಮ್ಮ ತನ್ನ ಮಗಳು ಒಂಬತ್ತು ದಿನ ಬೀದಿಯಲ್ಲಿ ನಿಂತದ್ದನ್ನು ಹೊಲಿಗೆ ಯಂತ್ರದ ಮುಂದೆ ಕೂತೇ ನೋಡಬೇಕಾಯಿತು. ಬೇರೆ ತಾಯಂದಿರಿಗಾದರೆ ಇಂಥ ಸುದ್ದಿ ಸಂಜೆ ಮುಟ್ಟುತ್ತದೆ, ಅಷ್ಟು ಹೊತ್ತಿಗೆ ಮಗುವಿನ ಕಣ್ಣೀರೂ ಒಣಗಿರುತ್ತದೆ. ಇವಳಿಗೆ ಆ ಭಾಗ್ಯವಿಲ್ಲ. ಎಂಟೂವರೆಗೆ ಗಂಟೆ ಹೊಡೆಯುವುದು, ಮಕ್ಕಳೆಲ್ಲ ಸಾಲಾಗಿ ಒಳಗೆ ಹೋಗುವುದು, ನಾಲ್ಕನೇ ತರಗತಿಯ ತನ್ನ ಮಗಳು ಚೂಟಿಯೊಬ್ಬಳೇ ಕಾಂಪೌಂಡ್ ಗೋಡೆಗೆ ಬೆನ್ನು ಕೊಟ್ಟು ಉಳಿಯುವುದು, ಎಲ್ಲ ಕಣ್ಣೆದುರಿಗೇ ನಡೆಯುತ್ತಿತ್ತು. ಅರ್ಧ ಗಂಟೆ ನಿಂತ ಮೇಲೆ ಹುಡುಗಿ ಬ್ಯಾಗು ಎಳೆದುಕೊಂಡು ರಸ್ತೆ ದಾಟಿ ಅಂಗಡಿಗೆ ಬರುತ್ತಿದ್ದಳು.

ಕಾರಣ ಒಂದು ತುಂಡು ಬಟ್ಟೆ. ಗೇಟಿನ ಪಕ್ಕದ ಹಲಗೆಯ ಮೇಲೆ ಅಂಗೈ ಅಗಲದ ನೀಲಿ ಬಟ್ಟೆಯೊಂದಕ್ಕೆ ಮೊಳೆ ಹೊಡೆದು ಕೂರಿಸಿದ್ದರು. ಅದು ಸಮವಸ್ತ್ರದ ಮಾದರಿ. ಹೆಡ್ ಮೇಡಂ ಅದರ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತು, ಹುಡುಗಿಯಾದರೆ ಸ್ಕರ್ಟಿನ ಅಂಚು, ಹುಡುಗನಾದರೆ ಚಡ್ಡಿಯ ಅಂಚು ಎಳೆದು ಆ ತುಂಡಿಗೆ ಹಚ್ಚಿ ನೋಡುವರು. ಬಣ್ಣ ಕೂಡಿದರೆ ಒಳಗೆ, ಕೂಡದಿದ್ದರೆ ಹೊರಗೆ. ಹೊರಗೆ ನಿಂತವರಿಗೆ ಆ ದಿನದ ಹಾಜರಿ ಇಲ್ಲ. ಮುಕ್ಕಾಲು ಪಾಲು ಹಾಜರಿ ಇಲ್ಲದವರಿಗೆ ಮುಂದಿನ ತರಗತಿ ಇಲ್ಲ. ಚೂಟಿ ಮೊದಲೇ ಜ್ವರ ಬಂದು ತಿಂಗಳು ಮಲಗಿದ್ದವಳು. ಇನ್ನು ಎರಡೇ ದಿನ ಹಾಜರಿ ತಪ್ಪಿದರೂ ಮತ್ತೊಂದು ವರ್ಷ ಅದೇ ಬೆಂಚಿನಲ್ಲಿ ಕೂರಬೇಕಿತ್ತು.

ಹುಡುಗಿ ಉದ್ದವಾದಳು ಎಂದು ಟೈಲರಮ್ಮ ವರ್ಷದ ನಡುವೆ ಹೊಸ ಸ್ಕರ್ಟು ಹೊಲಿದಿದ್ದೇ ತಪ್ಪಾಯಿತು. ಮಾದರಿ ಕತ್ತರಿಸಿದ್ದೂ ಅದೇ ಗಿರಣಿಯ ಅದೇ ಥಾನಿನಿಂದ, ಅದೇ ಬಟ್ಟೆ ಸುರುಳಿಯಿಂದ. ಆದರೆ ಗೇಟಿನ ತುಂಡು ಎರಡು ವರ್ಷದಿಂದ ಬೆಳಗಿನ ಬಿಸಿಲು ತಿಂದು ಬಿಳಿಚಿಕೊಂಡಿತ್ತು. ಉಳಿದ ಮಕ್ಕಳ ಬಟ್ಟೆಯೂ ಒಗೆದು ಒಗೆದು ಅದರ ಜೊತೆಜೊತೆಗೇ ಬಿಳಿಚಿತ್ತು. ಬಣ್ಣ ಮಾಸದ ಬಟ್ಟೆ ತೊಟ್ಟವಳು ಚೂಟಿಯೊಬ್ಬಳೇ. ಇದನ್ನು ಕಂಡುಹಿಡಿಯಲು ದೊಡ್ಡ ಓದೇನೂ ಬೇಡ, ಕಣ್ಣಿದ್ದರೆ ಸಾಕು. ಟೈಲರಮ್ಮ ಒಂಬತ್ತನೆಯ ದಿನ ಎದ್ದು ಹೋಗಿ ಅದನ್ನೇ ಹೇಳಿದಳು.

"ಮೇಡಂ, ನಿಮ್ಮ ಮಾದರಿ ಬಿಸಿಲಿಗೆ ಮಾಸಿದೆ. ಮೊಳೆ ತೆಗೆದು ಹಿಂಬದಿ ನೋಡಿ, ನಿಮಗೇ ಗೊತ್ತಾಗುತ್ತೆ."

ಮೇಡಂ ಆ ಕಡೆ ತಿರುಗಿಯೂ ನೋಡಲಿಲ್ಲ. ಮಕ್ಕಳನ್ನು ಬಿಡಲು ಬಂದ ಹತ್ತಾರು ತಂದೆತಾಯಂದಿರು ಸುತ್ತ ನಿಂತಿದ್ದರು. ಅವರೆಲ್ಲರಿಗೂ ಕೇಳುವ ಹಾಗೆ ಹೇಳಿದರು: "ಮಾದರಿ ಯಾವತ್ತೂ ತಪ್ಪಾಗಲ್ಲಮ್ಮ. ಊರವರು ಹೊಲಿಯೋಕೆ ಕೊಟ್ಟ ಬಟ್ಟೇಲಿ ಮಿಗಿಸಿಕೊಂಡ ತುಂಡುಗಳಲ್ಲಿ ಮಗಳಿಗೆ ಹೊಲಿದ್ರೆ ಬಣ್ಣ ಎಲ್ಲಿಂದ ಕೂಡುತ್ತೆ?"

ಟೈಲರಿಗೆ ಆಡಬಾರದ ಮಾತು ಅದೊಂದೇ. ಹನ್ನೊಂದು ವರ್ಷದಲ್ಲಿ ಒಬ್ಬರ ಬಟ್ಟೆಯಲ್ಲಿ ಒಂದು ಗೇಣು ಮುಚ್ಚಿಟ್ಟವಳಲ್ಲ ಅವಳು. ಮಿಕ್ಕ ಚೂರುಗಳನ್ನೂ ಸುರುಳಿ ಸುತ್ತಿ ಬಟ್ಟೆಯ ಜೊತೆಗೇ ಕೊಡುತ್ತಿದ್ದಳು. ಸುತ್ತ ನಿಂತವರಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಅವರ ಮೈಮೇಲಿದ್ದ ಎಷ್ಟೋ ಬಟ್ಟೆ ಅವಳೇ ಹೊಲಿದದ್ದು. ಒಬ್ಬಾಕೆ ತನ್ನ ರವಿಕೆಯ ತೋಳು ಸರಿಮಾಡಿಕೊಂಡು ಬೇರೆ ಕಡೆ ನೋಡಿದಳು. ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮಗಳ ಕೈ ಹಿಡಿದು ರಸ್ತೆ ದಾಟಿದವಳು ಮಧ್ಯಾಹ್ನದವರೆಗೆ ಒಂದೇ ಸಮನೆ ಪೆಡಲ್ ತುಳಿದಳು.

ಅತ್ತೆ ಅದೇ ಅಂಗಡಿಯ ಮೂಲೆಯಲ್ಲಿ ಕೂತು ಗುಂಡಿ, ಕಾಜಾ ಹಾಕುವವರು. ನಾಲಿಗೆ ಸೂಜಿಗಿಂತ ಚೂಪು.

"ಹಾಗೆ ತುಳೀಬೇಡ ತಾಯಿ, ಅದು ಯಂತ್ರ, ಹೆಡ್ ಮೇಡಂ ಅಲ್ಲ" ಎಂದರು.

"ಅತ್ತೆ, ಆ ಹೆಂಗಸು ಅದೇ ಗೇಟಲ್ಲಿ, ಅಷ್ಟೇ ಜನರ ಮುಂದೆ ಉಗುಳು ನುಂಗಬೇಕು. ಅಲ್ಲಿವರೆಗೂ ನಂಗೆ ಅನ್ನ ಇಳಿಯಲ್ಲ."

"ಅನ್ನ ಇಳಿಸ್ಕೊಂಡೇ ಯೋಚನೆ ಮಾಡು. ಹೊಟ್ಟೆ ಹಸಿದಾಗ ಹೊಳೆಯೋದೆಲ್ಲ ಪೆದ್ದು ಯೋಚನೆ."

ಯೋಚನೆಯೇ ಬೇಕಾಗಲಿಲ್ಲ. ಮರುದಿನ ಶುಕ್ರವಾರ, ಹಬ್ಬಕ್ಕೆಂದು ಶಾಲೆಗೆ ಮೂರು ದಿನ ರಜೆ. ಶಾಲೆಯ ಜವಾನ ತಾನಾಗಿ ಅಂಗಡಿಯ ಮೆಟ್ಟಿಲು ಹತ್ತಿ ಬಂದ. ಅವನ ಕೈಯಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣವಿತ್ತು.

"ಸೋಮವಾರ ಹಾಜರಿ ತಪಾಸಣೆಗೆ ಆಫೀಸರ್ ಬರ್ತಾರಂತೆ. ಇದರ ಅಂಚು ಎಳೆ ಬಿಟ್ಟಿದೆ. ಒಗೆದು, ಮಡಚಿ ಹೊಲಿದು, ಇಸ್ತ್ರಿ ಮಾಡಿ ಕೊಡಬೇಕಂತೆ. ಗೇಟಲ್ಲಿ ಅಂದವಾಗಿ ಕಾಣಬೇಕು ಅಂದ್ರು."

"ನನ್ನ ಹತ್ರಾನೇ ಕೊಡು ಅಂದ್ರಾ?"

"ಬೇರೆ ಟೈಲರ್ ಹತ್ರ ಹೋಗೋಕೆ ನಂಗೆ ಕಾಲು ನೋವು" ಎಂದು ಜವಾನ ನಕ್ಕು ಹೋದ.

ಟೈಲರಮ್ಮ ತುಂಡನ್ನು ಬಿಡಿಸಿ ಮೇಜಿನ ಮೇಲೆ ಹಾಸಿದಳು. ಬಿಸಿಲು ಕಂಡ ಬದಿ ಬೂದಿ ಬಣ್ಣ. ಹಲಗೆಗೆ ಅಂಟಿಕೊಂಡಿದ್ದ ಬದಿಯನ್ನು ತಿರುವಿದರೆ ಅಚ್ಚ ನೀಲಿ, ಥಾನಿನಿಂದ ಈಗಷ್ಟೇ ಕತ್ತರಿಸಿದ ಬಟ್ಟೆಯ ಬಣ್ಣ. ನೇಯ್ಗೆ ಎರಡೂ ಬದಿ ಒಂದೇ, ಯಾವುದು ಮೇಲೆ ಬಂದರೂ ಉಲ್ಟಾ ಎನ್ನುವಂತಿಲ್ಲ. ಅಂಚನ್ನು ಯಾವ ಕಡೆಗೆ ಮಡಚುತ್ತೀಯೋ ಆ ಕಡೆ ಹಿಂಬದಿಯಾಗುತ್ತದೆ, ಅಷ್ಟೇ.

ಅತ್ತೆ ಕನ್ನಡಕ ಏರಿಸಿ ಒಮ್ಮೆ ಬಟ್ಟೆ ನೋಡಿದರು, ಒಮ್ಮೆ ಸೊಸೆಯನ್ನು ನೋಡಿದರು. "ಮೋಸ ಆಗುತ್ತೇನೇ?"

"ಯಾವ ಮೋಸ? ಅವರದ್ದೇ ಬಟ್ಟೆ, ಅವರದ್ದೇ ಬಣ್ಣ. ಹಿಂಬದಿ ನೋಡಿ ಅಂದೆ, ನೋಡಲಿಲ್ಲ. ಈಗ ನೋಡ್ತಾರೆ."

ಬೂದಿ ಬದಿ ಒಳಗಾಗುವಂತೆ ಅಂಚು ಮಡಚಿ, ಸಣ್ಣ ಹೊಲಿಗೆ ಹಾಕಿ, ಒಗೆದು ಇಸ್ತ್ರಿ ಮಾಡಿದಳು. ಅಷ್ಟು ಚೆಂದದ ಹೊಲಿಗೆ ಅವಳು ಮದುವೆಯ ಉಡುಪಿಗೂ ಹಾಕಿದವಳಲ್ಲ. ಭಾನುವಾರ ಕೂತು ಮಗಳಿಗೆ ಅದೇ ಥಾನಿನಿಂದ ಇನ್ನೊಂದು ಸ್ಕರ್ಟು ಹೊಲಿದಳು. ಮೊದಲನೆಯದನ್ನು ಬಿಳಿಚಿಸಲೆಂದು ಗುರುವಾರ ರಾತ್ರಿ ಒಗೆಯುವ ಸೋಡಾದಲ್ಲಿ ನೆನೆಸಿದ್ದಳು, ಅದು ಅಲ್ಲಲ್ಲಿ ಮಚ್ಚೆ ಬಿದ್ದು ಹಾಳಾಗಿತ್ತು. ಚೂಟಿಗೆ ಏನೂ ಹೇಳಲಿಲ್ಲ. ಮಕ್ಕಳ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲವೆಂದು ಅತ್ತೆಯೂ ಸುಮ್ಮನಿದ್ದರು.

ಸೋಮವಾರ ಟೈಲರಮ್ಮ ಎಂಟಕ್ಕೇ ಯಂತ್ರದ ಮುಂದೆ ಕೂತಳು. ಅತ್ತೆ ಕುರ್ಚಿಯನ್ನು ಬಾಗಿಲಿಗೇ ಎಳೆದುಕೊಂಡರು. ಹೆಡ್ ಮೇಡಂ ಹೊಸದಾಗಿ ಮೊಳೆ ಹೊಡೆದ ಮಾದರಿಯನ್ನು ಮುಟ್ಟಿ ನೋಡಿ, "ನೋಡಿ, ಒಗೆದ್ರೆ ಹೇಗೆ ಹೊಳೆಯುತ್ತೆ. ಎಷ್ಟು ಧೂಳು ಕೂತಿತ್ತೋ" ಎಂದು ಜವಾನನಿಗೆ ಹೇಳಿದ್ದು ರಸ್ತೆಯ ಈಚೆಗೂ ಕೇಳಿಸಿತು.

ಮೊದಲು ಬಂದವಳು ಚೂಟಿ. ಮೇಡಂ ಹುಬ್ಬು ಗಂಟಿಕ್ಕಿಯೇ ಅಂಚು ಎಳೆದು ಹಚ್ಚಿದರು. ಕೂಡಿತು. ಒಂದು ಎಳೆಯ ವ್ಯತ್ಯಾಸವಿಲ್ಲ. "ಅಂತೂ ನಿಮ್ಮಮ್ಮನಿಗೆ ಬುದ್ಧಿ ಬಂತು" ಎಂದು ಒಳಗೆ ಬಿಟ್ಟರು.

ಎರಡನೆಯದಾಗಿ ಬಂದ ಹುಡುಗನ ಚಡ್ಡಿ ಕೂಡಲಿಲ್ಲ. ಮೂರನೆಯವನದೂ ಕೂಡಲಿಲ್ಲ. ಹತ್ತು ಮಕ್ಕಳು ಗೋಡೆಗೆ ನಿಂತಾಗ ಮೇಡಂ ಮುಖದಲ್ಲಿ ಒಂದು ಬಗೆಯ ಹೆಮ್ಮೆಯೇ ಇತ್ತು. ಆಫೀಸರ್ ಬಂದು ತಮ್ಮ ಶಿಸ್ತು ನೋಡಲಿ ಎಂಬಂತೆ ಸೆಟೆದು ಕೂತಿದ್ದರು. ಮೂವತ್ತಾದಾಗ ಕನ್ನಡಕ ಒರೆಸಿಕೊಂಡರು. ಅರವತ್ತಾದಾಗ ತಂದೆಯೊಬ್ಬ ಗೊಣಗಿದ: "ಮೇಡಂ, ಗುರುವಾರ ಇದೇ ಚಡ್ಡೀಲಿ ಬಂದಿದ್ದ ನನ್ನ ಮಗ."

"ಮಾದರಿ ತಪ್ಪಾಗಲ್ಲ" ಎಂದರು ಮೇಡಂ. "ಬೇಕಾದ್ರೆ ನೋಡಿ, ಟೈಲರಮ್ಮನ ಮಗಳದ್ದು ಹೇಗೆ ಕೂಡಿದೆ ಅಂತ." ಅಷ್ಟು ಹೇಳಿ ಚೂಟಿಯನ್ನು ಒಳಗಿನಿಂದ ಕರೆಸಿ ಗೇಟಿನ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡರು.

ಈಚೆ ಅಂಗಡಿಯಲ್ಲಿ ಅತ್ತೆಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ಮೈಯೆಲ್ಲ ಕುಲುಕಿಸಿ ನಕ್ಕರು. ಟೈಲರಮ್ಮ ನಗಲಿಲ್ಲ. ಒಬ್ಬೊಬ್ಬರು ಗೋಡೆ ಸೇರಿದಂತೆಲ್ಲ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು. ಅಂದು ತುಟಿ ಬಿಚ್ಚದೆ ನಿಂತವರ ಮಕ್ಕಳನ್ನು ಬೇಕೆಂದೇ ಹುಡುಕಿ ನೋಡಿದಳು. ರವಿಕೆಯ ತೋಳಿನಾಕೆಯ ಮಗ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತದ್ದು ಕಂಡಾಗ ಸಂತೋಷವೇ ಆಯಿತು. ಆಗಲಿ, ಎಂದುಕೊಂಡಳು.

ಆಫೀಸರ್ ಜೀಪು ಒಂಬತ್ತಕ್ಕೆ ಬಂತು. ಇಳಿದವರು ಗೋಡೆಯುದ್ದಕ್ಕೂ ನಿಂತ ನೂರಾ ಮೂವತ್ತೆಂಟು ಮಕ್ಕಳನ್ನು ನೋಡಿ ತಮ್ಮನ್ನು ಸ್ವಾಗತಿಸಲು ನಿಲ್ಲಿಸಿದ್ದಾರೆಂದು ತಿಳಿದು ಕೈ ಬೀಸಿದರು. ಯಾರೂ ಕೈ ಬೀಸಲಿಲ್ಲ. ಒಳಗೆ ಹೋಗಿ, ಖಾಲಿ ಕೋಣೆಗಳನ್ನು ನೋಡಿ, ಹಾಜರಿ ಪುಸ್ತಕ ಕೈಯಲ್ಲೇ ಹಿಡಿದು ಗೇಟಿಗೆ ವಾಪಸ್ಸು ಬಂದರು.

"ಇವತ್ತಿನ ಹಾಜರಿ ಒಂದು ಅಂತ ಬರೆದಿದೆ."

"ನಿಯಮದ ಪ್ರಕಾರ ಸರ್. ಉಳಿದವರ ಬಣ್ಣ ಮಾದರಿಗೆ ಕೂಡಲ್ಲ."

ಆಫೀಸರ್ ಸಾಲನ್ನೊಮ್ಮೆ ನೋಡಿದರು. "ಅವರೆಲ್ಲರದ್ದೂ ಒಂದೇ ಬಣ್ಣ ಇದೆಯಲ್ಲಮ್ಮ. ಬೇರೆ ಆಗಿರೋದು ನಿಮ್ಮ ತುಂಡು." ಹೀಗೆಂದು ತುಂಡನ್ನು ಮೊಳೆಯಿಂದ ಎಳೆದು ತಿರುವಿದರು. ಹಿಂಬದಿ ಬೂದಿಯಾಗಿತ್ತು. ಅದನ್ನು ಹತ್ತಿರದ ಹುಡುಗನ ಚಡ್ಡಿಗೆ ಹಚ್ಚಿದರು. ಸರಿಯಾಗಿ ಕೂಡಿತು. "ಇದೊಂದು ಬಟ್ಟೇಲೇ ಎರಡು ಬಣ್ಣ ಇದೆ. ಇದನ್ನ ನಂಬಿಕೊಂಡು ಮಕ್ಕಳನ್ನ ಬೀದೀಲಿ ನಿಲ್ಲಿಸಿದ್ದೀರಾ?"

ಹೆಡ್ ಮೇಡಂ ಕುರ್ಚಿ ಹಿಡಿದು ಎದ್ದು ನಿಂತರು. ಅದೇ ಗೇಟು, ಅಷ್ಟೇ ಜನ, ಇನ್ನೂ ನಾಲ್ಕು ಪಟ್ಟು ಹೆಚ್ಚೇ. ಅವರು ಉಗುಳು ನುಂಗಿದ್ದನ್ನು ಟೈಲರಮ್ಮ ಕಣ್ಣಾರೆ ಕಂಡಳು. ಬಟ್ಟೆಯ ಬಣ್ಣದ ಹೆಸರಲ್ಲಿ ಕತ್ತರಿಸಿದ ಹಾಜರಿಯನ್ನೆಲ್ಲ ಇವತ್ತೇ ಸರಿಪಡಿಸಬೇಕು, ಮೇಡಂ ತಮ್ಮ ಜೊತೆ ಈಗಲೇ ಕಚೇರಿಗೆ ಬರಬೇಕು ಎಂದು ಆಫೀಸರ್ ಗಟ್ಟಿಯಾಗಿ ಹೇಳಿದರು. ಚೂಟಿಯ ಒಂಬತ್ತು ದಿನ ವಾಪಸ್ಸು ಬಂತು. ಟೈಲರಮ್ಮ ಎದ್ದು ಹೋಗಿ ಎರಡು ತಟ್ಟೆ ಅನ್ನ ಹಾಕಿ ತಂದು, ಅತ್ತೆಗೊಂದು ಕೊಟ್ಟು, ತಾನೊಂದು ಕೊನೆಯ ಅಗುಳಿನವರೆಗೂ ತಿಂದಳು.

ಸಂಜೆ ಚೂಟಿ ಕುಣಿಯುತ್ತಾ ಬರುತ್ತಾಳೆಂದುಕೊಂಡಿದ್ದರು. ಅವಳು ನೆಟ್ಟಗೆ ನಡೆದು ಬಂದು, ಸ್ಕರ್ಟು ಮುದುರದಂತೆ ಸ್ಟೂಲಿನ ಮೇಲೆ ಕೂತಳು.

"ಬೆಳಿಗ್ಗೆ ನನ್ನ ಮೆಟ್ಟಿಲ ಮೇಲೆ ನಿಲ್ಲಿಸ್ಕೊಂಡ ಮೇಲೆ ಹೆಡ್ ಮೇಡಮ್ಮಿಗೆ ಬೆನ್ನು ನೋವು ಬಂತು ಅಂತ ನಂಗೇ ನೋಡು ಅಂದ್ರು ಅಮ್ಮ. ಎರಡನೇ ಕ್ಲಾಸು, ನಾಲ್ಕನೇ ಕ್ಲಾಸು, ಎಲ್ಲ ನಾನೇ ಹೊರಗೆ ಹಾಕಿದ್ದು. ನನ್ನ ಸ್ಕರ್ಟ್ ಪಕ್ಕ ಇಟ್ಟು ನೋಡೋದು, ಇಲ್ಲ ಅನ್ನೋದು."

ಅಂಗಡಿಯಲ್ಲಿ ಕೂತ ಟೈಲರಮ್ಮನ ಕಣ್ಣು ಮೇಡಂ ಮುಖದ ಮೇಲೆ, ಗೋಡೆಗೆ ನಿಂತವರ ಮೇಲೆ ಮಾತ್ರ ಇತ್ತು. ಮಗಳ ಕೈ ಏನು ಮಾಡುತ್ತಿತ್ತು ಎಂದು ಅವಳು ನೋಡಿರಲೇ ಇಲ್ಲ.

"ಇನ್ಮೇಲೆ ಯಾರು ಕೇಳಿದ್ರೂ ಈ ಬಟ್ಟೇಲಿ ಹೊಲಿದು ಕೊಡಬೇಡ" ಎಂದಳು ಚೂಟಿ. "ಒಂಬತ್ತು ದಿನ ಆಗಲಿ. ಆಫೀಸರ್ ಏನಾದ್ರೂ ಅನ್ನಲಿ, ಎಲ್ರೂ ಒಂಬತ್ತು ದಿನ ನಿಲ್ಲಲಿ, ಆಮೇಲೆ ಹೊಲಿ."

ಅತ್ತೆ ಕೈಯಲ್ಲಿದ್ದ ಗುಂಡಿ ಕೆಳಗಿಟ್ಟರು. "ನಿನ್ನ ಪಕ್ಕದ ಬೆಂಚಿನ ಹುಡುಗಿ? ದಿನಾ ಮನೆಗೆ ಬಂದು ಪಾಠ ಬರೆಸ್ತಿದ್ಲಲ್ಲ, ಅವಳನ್ನೂ ಹಾಕಿದ್ಯಾ?"

"ಹೂಂ."

"ಅವಳೇನಂದ್ಲು ಪುಟ್ಟಿ?" ಎಂದು ಕೇಳಿದಳು ಟೈಲರಮ್ಮ.

"ಏನೂ ಅನ್ನಲಿಲ್ಲ, ಅತ್ತಳು. ನಿಯಮ ಅಂದ್ರೆ ನಿಯಮ ಅಂತ ಹೇಳಿ ನಾನು ಮುಂದಿನವರನ್ನ ಕರೆದೆ."

ಬೆಳಗಿನಿಂದ ಟೈಲರಮ್ಮನ ಹೊಟ್ಟೆಯಲ್ಲಿದ್ದ ತಂಪು ಆ ಕ್ಷಣಕ್ಕೆ ಎಲ್ಲಿ ಹೋಯಿತೋ. ಅವಳು ಸೂಜಿಗೆ ದಾರ ಹಾಕಲು ಕೂತಳು. ಹೆಡ್ ಮೇಡಂ ಇನ್ನು ಈ ಶಾಲೆಗೆ ಬರುವುದಿಲ್ಲವಂತೆ ಎಂದು ಕೂಗಿ ಹೇಳುತ್ತ ಜವಾನ ಆಗಲೇ ರಸ್ತೆ ದಾಟಿ ಬರುತ್ತಿದ್ದ. ಟೈಲರಮ್ಮ ತಲೆ ಎತ್ತಲಿಲ್ಲ.