ಮೂರು ಮುಷ್ಟಿ ಉಪ್ಪು

ಅಣ್ಣು ಭಟ್ಟರು ಗಂಟಲಿನ ಕ್ಯಾನ್ಸರ್ ಗೆದ್ದು ಕೆಲಸಕ್ಕೆ ಮರಳಿದ ದಿನ ನಾವೆಲ್ಲ ಎಷ್ಟು ಒಳ್ಳೆಯವರಾಗಿಬಿಟ್ಟೆವೆಂದರೆ, ನಮ್ಮ ಗುರುತು ನಮಗೇ ಹತ್ತಲಿಲ್ಲ. ನಮ್ಮದು ಅಂಬಲಪಾಡಿಯ ಸಣ್ಣ ಕ್ಯಾಟರಿಂಗ್. ಭಟ್ಟರು ಇಪ್ಪತ್ತೆಂಟು ವರ್ಷಗಳಿಂದ ಅದರ ಮುಖ್ಯ ಅಡಿಗೆಯವರು. ನಾನು ಬಡಿಸುವವರ ಮೇಲ್ವಿಚಾರಕ, ಬಿ.ಎ. ಓದಿ ಬಕೆಟ್ ಹಿಡಿದವ.

ಮಾಲೀಕ ಪ್ರತೀಕ್ ಫ್ಯಾನಿನ ಕೆಳಗೆ ಅವರಿಗೊಂದು ಕುರ್ಚಿ ಹಾಕಿಸಿದ. ಸಹಾಯಕ ಅಪ್ಪಿ ಸೌಟುಗಳನ್ನು ಅವರ ಕೈಗೆ ಸಿಗದಂತೆ ಎತ್ತಿಟ್ಟ. ಅವರ ಸ್ವರ, ನಡಿಗೆಗಳನ್ನು ಅನುಕರಿಸಿ ಅವರನ್ನೇ ನಗಿಸುತ್ತಿದ್ದ ನಾನು, ಈಗ ಅವರೆದುರು ಸ್ವಂತ ಸ್ವರದಲ್ಲೂ ಪಿಸುಗುಟ್ಟತೊಡಗಿದೆ. ಒಂದು ವಾರ ಭಟ್ಟರು ಬೀನ್ಸಿನ ನಾರು ತೆಗೆದರು. ಎಂಟನೆಯ ದಿನ ಪ್ರತೀಕನೆದುರು ಹೋಗಿ ನಿಂತರು. ಹಿರಿಯಡ್ಕದ ಗೃಹಪ್ರವೇಶಕ್ಕೆ ಹುಳಿಯ ಹಂಡೆ ನನಗೇ ಬೇಕು. ಆಗದಿದ್ದರೆ ಈ ಕುರ್ಚಿಯನ್ನು ಮನೆಗೆ ಕಳುಹಿಸು, ಅಲ್ಲೇ ಕೂರುತ್ತೇನೆ ಎಂದರು.

ಪ್ರತೀಕ್ ತಡವರಿಸಿದ. ರೇಡಿಯೇಶನ್ ಆದ ಮೇಲೆ ಭಟ್ಟರ ನಾಲಿಗೆಗೆ ಉಪ್ಪು, ಖಾರ ಗೊತ್ತಾಗುವುದಿಲ್ಲವೆಂಬುದು ಎಲ್ಲರಿಗೂ ತಿಳಿದಿತ್ತು.

“ರುಚಿ ಹೇಗೆ ನೋಡ್ತೀರಿ ಭಟ್ರೆ?”

“ನೈವೇದ್ಯಕ್ಕೆ ಮೊದಲು ನಾನು ಯಾವತ್ತು ರುಚಿ ನೋಡಿದ್ದುಂಟು ಮಾರಾಯ?”

ನಿಜವೇ. ದೇವರಿಗೆ ಇಡುವ ಮುಂಚೆ ನಮ್ಮಲ್ಲಿ ಅಡಿಗೆಯನ್ನು ಯಾರೂ ನಾಲಿಗೆಗೆ ತಾಗಿಸುವುದಿಲ್ಲ. ಇಷ್ಟು ವರ್ಷ ಅವರು ಕೈಯಳತೆ, ಕುದಿಯುವ ಸದ್ದು, ಹಬೆಯ ಪರಿಮಳ ಇವಿಷ್ಟನ್ನೇ ನಂಬಿ ಊರಿಗೆ ಉಣಿಸಿದ್ದರು. ಈ ಒಂದು ಸಲ ನೋಡುವ, ಕೆಟ್ಟರೆ ಮತ್ತೆ ಹಂಡೆ ಕೇಳಬಾರದು ಎಂದು ಪ್ರತೀಕ್ ಒಪ್ಪಿದ.

ಹಿರಿಯಡ್ಕದಲ್ಲಿ ನಾಲ್ಕು ನೂರು ಜನ. ಬೆಳಿಗ್ಗೆ ಒಂಬತ್ತಕ್ಕೆ ಹುಳಿ ಕುದಿ ಬಂತು. ಭಟ್ಟರು ಉಪ್ಪು ಹಾಕಿದರು. ಉಪ್ಪಿನ ಪಾತ್ರೆಯಲ್ಲಿ ಉಳಿದದ್ದನ್ನು ಅಂಗೈಯಿಂದ ಸವರಿ ಸಮ ಮಾಡಿ, ಬಾಳೆಲೆ ನೋಡಲು ಹೊರಗೆ ಹೋದರು. ನನಗೆ ಒಳಗೊಳಗೇ ಹೆದರಿಕೆ. ಹಾಕಿದ್ದು ಕಡಿಮೆಯಾಗಿದ್ದರೆ? ಹತ್ತಿರ ಯಾರೂ ಇಲ್ಲದ್ದು ನೋಡಿ ಒಂದು ಮುಷ್ಟಿ ಉಪ್ಪನ್ನು ಹಂಡೆಗೆ ಸುರಿದು ಬಂದೆ.

ಮರಳಿ ಬಂದ ಭಟ್ಟರು ಉಪ್ಪಿನ ಪಾತ್ರೆಯನ್ನೇ ನೋಡುತ್ತ ನಿಂತರು. ಆಮೇಲೆ ನಮ್ಮ ಮೂವರನ್ನೂ ಕರೆದರು. ಸಮ ಮಾಡಿಟ್ಟ ಉಪ್ಪಿನಲ್ಲಿ ಒಂದಲ್ಲ, ಮೂರು ಗುಂಡಿ! ದೊಡ್ಡದು ಅಪ್ಪಿಯದ್ದು, ಉಂಗುರದ ಗೀರು ಇರುವುದು ಪ್ರತೀಕನದ್ದು ಎಂದರು. ಮೂರನೆಯದು ಯಾರದೆಂದು ಅವರು ಹೇಳಬೇಕಾಗಿರಲಿಲ್ಲ. ನನ್ನ ಬೆರಳಿನಲ್ಲಿ ಇನ್ನೂ ಹರಳುಗಳಿದ್ದವು. ಅವರ ನಾಲಿಗೆಗೆ ರುಚಿ ಇಲ್ಲ, ಸರಿ. ನಮ್ಮ ಮೂವರಿಗೆ ಅಭಿರುಚಿಯೇ ಇರಲಿಲ್ಲ.

“ಕನಿಕರ ಇದ್ದರೆ ನನ್ನ ಎಲೆಗೆ ಬಡಿಸಿ,” ಎಂದರು, ಒಡೆದ ಸ್ವರದಲ್ಲಿ. “ಹಂಡೆಗೆ ಹಾಕಬೇಡಿ.”

ಪ್ರತೀಕ್ ಗಡಿಯಾರ ನೋಡಿದ. ಪೂಜೆ ಮುಗಿಯಲು ಇನ್ನು ಒಂದೂವರೆ ಗಂಟೆಯಷ್ಟೇ. ಭಟ್ಟರು ಬೈಯಲಿಲ್ಲ. ಎಷ್ಟೆಷ್ಟು ಹಾಕಿದಿರೋ ಅಷ್ಟೇ ಮತ್ತೆ ಮುಷ್ಟಿಯಲ್ಲಿ ಹಿಡಿದು ತೋರಿಸಿ ಎಂದರು. ಶಾಲೆಯಲ್ಲಿ ಪೆಟ್ಟು ತಿನ್ನಲು ಕೈ ಒಡ್ಡಿದ ಹಾಗೆ ಮೂವರೂ ಕೈ ಒಡ್ಡಿದೆವು. ಒಂದೊಂದನ್ನೂ ಕಣ್ಣಲ್ಲೇ ತೂಗಿದರು. ಹುಳಿಯನ್ನು ಎರಡು ಹಂಡೆಗೆ ಪಾಲು ಮಾಡಿ, ಉಪ್ಪಿಲ್ಲದೆ ಬೇಯಿಸಿದ ಬೇಳೆ, ಸಿಹಿಗುಂಬಳ ಸೇರಿಸಿ, ಹೊಸದಾಗಿ ಮಸಾಲೆ ಅರೆಸಿ ಹಾಕಿದರು. ಕುದಿಗೆ ಕಿವಿಗೊಟ್ಟು ನಿಂತವರು, ಒಂದು ಹೊತ್ತಿಗೆ ಉರಿ ತೆಗೆಯಲು ಸನ್ನೆ ಮಾಡಿದರು.

ನೈವೇದ್ಯವಾಯಿತು. ಮೊದಲ ಪಂಕ್ತಿಯಲ್ಲೇ ಹುಳಿಗೆ ಎರಡನೆಯ ಕರೆ ಬಂತು. ಎರಡನೆಯ ಪಂಕ್ತಿಯಲ್ಲಿ ಹಿರಿಯರೊಬ್ಬರು ನನ್ನ ಬಕೆಟ್ಟನ್ನು ಪಕ್ಕದ ಎಲೆಗೆ ಹೋಗಲೇ ಬಿಡಲಿಲ್ಲ.

ಊಟ ಮುಗಿದ ಮೇಲೆ ಪ್ರತೀಕ್ ಭಟ್ಟರ ಬಳಿ ಬಂದ. ಕ್ಷಮೆ ಕೇಳುತ್ತಾನೆಂದುಕೊಂಡೆ. ಅವನು ಮೊಬೈಲ್ ತೆಗೆದು, ಭಾನುವಾರ ಉಚ್ಚಿಲದಲ್ಲಿ ಎಂಟು ನೂರು ಜನರ ಮದುವೆ ಉಂಟು, ಸಾಮಾನಿನ ಪಟ್ಟಿ ಹೇಳಿ ಎಂದ. ನಮ್ಮಲ್ಲಿ ಪಟ್ಟಿ ಹೇಳುವ ಅಧಿಕಾರ ಇರುವುದು ಮುಖ್ಯ ಅಡಿಗೆಯವರಿಗೆ ಮಾತ್ರ.

ಭಟ್ಟರು ಒಂದು ಗುಟುಕು ನೀರು ಕುಡಿದು ಗಂಟಲು ಒದ್ದೆ ಮಾಡಿಕೊಂಡರು.

“ಬರೆ. ಮಟ್ಟುಗುಳ್ಳ ಬದನೆ ಐವತ್ತು ಕಿಲೋ. ಕಾಪುವಿನಿಂದ ಅವತ್ತು ಬೆಳಿಗ್ಗೆಯೇ ಬರಬೇಕು, ಹಿಂದಿನ ದಿನದ್ದು ಬೇಡ.”

ಪ್ರತೀಕ್ ಬರೆಯತೊಡಗಿದ.